ಓದಿ ಹೇಳಿ ತಿಳಿಸಲಾಗಿದೆ

ಮೋಹನದಾಸರ ಅಂಗಡಿಗೆ ಬೋರ್ಡು ಇಲ್ಲ. ಕೋರ್ಟಿನ ಹತ್ತಿರದ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಕೂರಲು ಒಂದು ಬೆಂಚು, ಅಷ್ಟೇ. ಮೂವತ್ತೊಂದು ವರ್ಷದಿಂದ ಅಲ್ಲಿ ಕೂತು ಅಫಿಡವಿಟ್ಟು, ಬಾಡಿಗೆ ಕರಾರು, ಗಲ್ಫಿಗೆ ಹೋಗುವವರ ಕಾಗದ ಟೈಪ್ ಮಾಡುತ್ತಿದ್ದಾರೆ. ಪ್ರತಿ ಅಫಿಡವಿಟ್ಟಿನ ಕೊನೆಗೆ ‘ಓದಿ ಹೇಳಿ ತಿಳಿಸಲಾಗಿದೆ’ ಎಂಬ ಒಂದು ಸಾಲು ಇರುತ್ತದೆ. ಬೇರೆ ಟೈಪಿಸ್ಟರು ಅದನ್ನು ಬರೆದು ಸುಮ್ಮನಾಗುತ್ತಾರೆ. ಮೋಹನದಾಸರು ನಿಜವಾಗಿಯೂ ಓದಿ ಹೇಳುತ್ತಾರೆ, ಗಟ್ಟಿ ಸ್ವರದಲ್ಲಿ, ಮೊದಲಿಂದ ಕೊನೆಯವರೆಗೆ. ಬಂದವರ ಬಸ್ಸು ತಪ್ಪಿದರೂ ಬಿಡುವ ಆಸಾಮಿ ಅಲ್ಲ. ಹೇಳಿದವ ನೀನು, ಕೇಳಿಸಿಕೊಂಡವನೂ ನೀನೇ, ನಡುವೆ ನನ್ನದು ಬೆರಳು ಮಾತ್ರ ಎಂಬುದು ಅವರ ನ್ಯಾಯ. ಓದಿ ಮುಗಿಸಿದರೆಂದರೆ ಆ ಕಾಗದಕ್ಕೂ ಅವರಿಗೂ ಸಂಬಂಧ ಮುಗಿಯಿತು.

ಮೇ ತಿಂಗಳಲ್ಲಿ ಒಂದು ದಿನ ಮೆಲಿಸಾ ಬಂದಳು. ಮಕ್ಕಳ ಹಕ್ಕಿನ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಕೈಯಲ್ಲಿ ಬರೆದ ನಾಲ್ಕು ಹಾಳೆ ಮೇಜಿನ ಮೇಲಿಟ್ಟು, ಕರಪತ್ರ, ಟೈಪ್ ಮಾಡಿ ಕೊಡಿ ಎಂದಳು. ‘ಮಕ್ಕಳ ಶೋಷಣೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ದೇಶಗಳು ಸೇರುವುದು ಹೇಗೆ?’ ತಲೆಬರಹಕ್ಕೇ ಎರಡು ಸಾಲು ಬೇಕಾಯಿತು.

“ಇದನ್ನು ಯಾರು ಓದ್ತಾರೆ ಮಾರಾಯ್ತಿ?”

“ನೀವು ಓದ್ತೀರಲ್ಲ ಮೋಹನದಾಸಣ್ಣ, ಗಟ್ಟಿಯಾಗಿ.”

ಓದಿದರು. ಸಹಿ ಹಾಕಿದ ಮಾತ್ರಕ್ಕೆ ದೇಶ ಒಪ್ಪಂದಕ್ಕೆ ಪೂರ್ತಿ ಬದ್ಧವಾಗುವುದಿಲ್ಲ ಎಂಬ ಸಾಲು ಬಂದಾಗ ಕನ್ನಡಕ ತೆಗೆದರು.

“ಹಾಗಾದ್ರೆ ಸಹಿ ಎಂತಕ್ಕೆ?”

“ಮನಸ್ಸು ಉಂಟು ಅಂತ ತೋರಿಸ್ಲಿಕ್ಕೆ. ಆಮೇಲೆ ಊರಿಗೆ ಬಂದು ಮನೆಯವರನ್ನು, ಅಂದ್ರೆ ಸರ್ಕಾರವನ್ನೋ ಪಾರ್ಲಿಮೆಂಟನ್ನೋ, ಕೇಳ್ಬೇಕು. ಅವರು ಒಪ್ಪಿದ ಪತ್ರವನ್ನು ನ್ಯೂಯಾರ್ಕಿನಲ್ಲೋ ಜಿನೀವಾದಲ್ಲೋ ಕೊಡ್ಬೇಕು. ಅದಾಗಿ ಇಷ್ಟು ದಿನ ಅಂತ ಕಳೆದ ಮೇಲೆ ಜಾರಿ. ಸಹಿ ಹಾಕಿ ವರ್ಷಗಟ್ಟಲೆ ಮನೆಯವರನ್ನು ಕೇಳದೇ ಇರುವ ದೇಶಗಳೂ ಉಂಟು.”

“ನಮ್ಮಲ್ಲಿ ತಮ್ಮಲೆಯನ್ನು ಕೇಳುವ ಹಾಗೆ,” ಎಂದರು ಮೋಹನದಾಸರು.

ತುಳುವರಲ್ಲಿ ತಮ್ಮಲೆ ಎಂದರೆ ತಾಯಿಯ ಒಡಹುಟ್ಟಿದವ, ಸೋದರಮಾವ. ಹಿಂದೆ ಅಪ್ಪ ಹೂಂ ಎಂದರೆ ಅರ್ಧ, ತಮ್ಮಲೆ ಹೂಂ ಎಂದರೆ ಪೂರ್ತಿ. ಈಗ ಆ ಅಧಿಕಾರ ಇಳಿದು ಇಳಿದು ಮದುವೆ ಹಾಲ್‌ನ ಎದುರು ಸಾಲಿನ ಕುರ್ಚಿಗೆ ಬಂದು ನಿಂತಿದೆ. ತಂಗಿ ಕುಶಲಾಳ ಇಬ್ಬರು ಹೆಣ್ಣುಮಕ್ಕಳಿಗೆ ಮೋಹನದಾಸರೇ ತಮ್ಮಲೆ. ಕುರ್ಚಿಯಲ್ಲಿ ಕೂತದ್ದು ಬಿಟ್ಟರೆ ಆ ಹುದ್ದೆಯಲ್ಲಿ ಅವರು ಮಾಡಿದ ಘನಕಾರ್ಯ ಬೇರೇನೂ ಇಲ್ಲ.

ಎರಡನೇ ಹಾಳೆಯಲ್ಲಿ ಇನ್ನೊಂದು ಸಂಗತಿ ಇತ್ತು. ದುಡಿಯುವ ವಯಸ್ಸಿನ ಒಪ್ಪಂದಕ್ಕೆ ಭಾರತ 2017ರಲ್ಲಿ ಸೇರುವಾಗ, ನಮ್ಮಲ್ಲಿ ಕನಿಷ್ಠ ವಯಸ್ಸು ಹದಿನಾಲ್ಕು ಎಂದು ಘೋಷಣೆಯನ್ನೂ ಲಗತ್ತಿಸಿತ್ತಂತೆ.

“ದೇಶವೂ ವಯಸ್ಸಿನ ಅಫಿಡವಿಟ್ ಕೊಟ್ಟಿದೆ ಅಂತಾಯ್ತು,” ಎಂದು ಅವರಿಗೆ ಬಹಳ ಸಮಾಧಾನವಾಯಿತು. ಕೊನೇ ಹಾಳೆ ಓದುವಾಗ ಆ ಸಮಾಧಾನ ಸ್ವಲ್ಪ ಕಮ್ಮಿಯಾಯಿತು. ಸೇರಿದ ದೇಶ ಸೇರಿದ ಮೇಲೆ ಏನು ಮಾಡಿತು ಎಂದು ವರದಿ ಕೊಡಬೇಕು ಎಂದಿತ್ತು. ಕೆಲವು ದೇಶಗಳು ವರ್ಷಗಟ್ಟಲೆ ತಡ ಮಾಡುತ್ತವೆ ಎಂದಳು ಮೆಲಿಸಾ.

“ತಡವಾದ್ರೆ ತೆಗೊಳ್ತಾರಾ?”

“ತೆಗೊಳ್ತಾರೆ. ಕೇಳುವ ಪ್ರಶ್ನೆಯನ್ನು ಮಾತ್ರ ಬಿಡುದಿಲ್ಲ.”

ಮರುವಾರ ಕುಶಲಾಳ ಗಂಡ ಚಿತ್ತರಂಜನ ಕಿರಿಮಗಳು ಅಕ್ಷಿತಾಳನ್ನು ಕರೆದುಕೊಂಡು ಜೆಪ್ಪುವಿನಿಂದ ಬಂದ. ಕೆಟ್ಟ ಮನುಷ್ಯ ಅಲ್ಲ. ಪೈಂಟಿಂಗ್ ಕೆಲಸದಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದ ಮೇಲೆ ದುಡಿಮೆ ಅಷ್ಟಕ್ಕಷ್ಟೇ. ಹುಡುಗಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿಕೊಂಡು ಬೆಂಚಿನಲ್ಲಿ ಕೂತಳು. ವಯಸ್ಸಿನ ಕಾಗದಕ್ಕೆ ಬೇಕಾದೀತು ಎಂದು ಅಪ್ಪ ತರಿಸಿದ್ದ.

“ಭಾವ, ಅನುಷ್ಕಾಳಿಗೆ ಬರೆದು ಕೊಟ್ರಲ್ಲ, ಅಂಥದ್ದೇ ಒಂದು. ಹೆಸರು ಬದಲಾಯಿಸಿದ್ರೆ ಆಯ್ತು. ಅಕ್ಕ ತಂಗಿ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗ್ತಾರೆ.”

ಅನುಷ್ಕಾ ದೊಡ್ಡವಳು. ಮೂರು ವರ್ಷದ ಹಿಂದೆ, ಇದೇ ಬೆಂಚು, ಅವಳಿಗೂ ಆಗ ಹದಿನೈದು. ಮೀನಿನ ಕಂಪನಿಯವರು ಹದಿನೆಂಟು ತುಂಬದವರನ್ನು ಗೇಟಿನೊಳಗೆ ಬಿಡುವುದಿಲ್ಲ. ಅಫಿಡವಿಟ್ ಕೊಟ್ಟರೆ ಮೇಸ್ತ್ರಿ ಮುಖ ನೋಡಿ ವಯಸ್ಸು ಅಳೆಯುವುದಿಲ್ಲ. ಮೋಹನದಾಸರು ಬರೆದರು, ಓದಿ ಹೇಳಿದರು, ಕೈ ತೊಳೆದುಕೊಂಡರು. ಅಂದಿನಿಂದ ಹುಡುಗಿ ಐಸಿನಲ್ಲಿ ಸಿಗಡಿ ಸುಲಿಯುತ್ತಿದ್ದಾಳೆ. ಕಾಗದದ ಪ್ರಕಾರ ಈಗ ಅವಳಿಗೆ ಇಪ್ಪತ್ತೊಂದು, ನಿಜಕ್ಕೆ ಹದಿನೆಂಟು.

ಹಳೇ ಫೈಲು ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಹೆಸರು ಬದಲಾಯಿಸಿದರು, ಹುಟ್ಟಿದ ವರ್ಷ ಹಿಂದೆ ತಳ್ಳಿದರು, ಪ್ರಿಂಟು ತೆಗೆದು ಪದ್ಧತಿ ಪ್ರಕಾರ ಓದತೊಡಗಿದರು. ‘ನನ್ನ ಮಗಳಾದ ಅಕ್ಷಿತಾಳಿಗೆ ಹದಿನೆಂಟು ವರ್ಷ ಪೂರ್ತಿಯಾಗಿದ್ದು...’

ಅಕ್ಷಿತಾ ತಲೆ ಎತ್ತಿ ಅವರನ್ನೇ ನೋಡಿದಳು. ಅನುಷ್ಕಾ ಕೂಡ ಅವತ್ತು ಹೀಗೆಯೇ ನೋಡಿದ್ದಳು, ಹೀಗೆಯೇ ಸುಮ್ಮನಿದ್ದಳು. ಆಗ ಮೋಹನದಾಸರು ಅದನ್ನು ಮರ್ಯಾದೆ ಎಂದುಕೊಂಡಿದ್ದರು. ಈಗ ನಾಚಿಕೆಯಾಯಿತು. ಕೊನೇ ಸಾಲು ಓದದೆ ಕಾಗದವನ್ನು ಮೇಜಿನ ಮೇಲಿಟ್ಟರು.

“ಎಂತಾಯ್ತು ಭಾವ?”

“ಇದಕ್ಕೆ ನನ್ನ ಒಪ್ಪಿಗೆ ಇಲ್ಲ.”

“ಟೈಪ್ ಮಾಡುವವರ ಒಪ್ಪಿಗೆ ಯಾರು ಕೇಳಿದ್ದು?”

“ಟೈಪ್ ಮಾಡುವವ ಒಪ್ಪಿದ್ದಾನೆ ಮಾರಾಯ, ಪ್ರಿಂಟೂ ತೆಗೆದಿದ್ದಾನೆ. ತಮ್ಮಲೆ ಒಪ್ಪುದಿಲ್ಲ.”

ಚಿತ್ತರಂಜನ ಬಾಯಿ ತೆರೆದವ ಹಾಗೇ ಉಳಿದ. ಈ ಕಾಲದಲ್ಲಿ ಯಾರೂ ಆ ಅಸ್ತ್ರ ತೆಗೆಯುವುದಿಲ್ಲ. “ಎಂತ, ಮದುವೆ ಮಾತುಕತೆಯಾ ಇದು?”

“ಮದುವೆಗೆ ಮಾತ್ರ ತಮ್ಮಲೆ ಬೇಕಾ? ನೀನು ಸಹಿ ಹಾಕು, ಬೇಕಾದ್ರೆ ಹತ್ತು ಹಾಕು. ನಾನು ಹೂಂ ಅನ್ನದೆ ಇದು ಜಾರಿಗೆ ಬರುದಿಲ್ಲ. ನಾಳೆ ಪಿಯುಸಿಗೆ ಸೇರಿಸ್ಲಿಕ್ಕೆ ಇವಳನ್ನು ನಾನು ಕರ್ಕೊಂಡು ಹೋಗ್ತೇನೆ. ಎರಡು ವರ್ಷದ ಖರ್ಚು ನನ್ನ ತಲೆಗೆ.”

ಚಿತ್ತರಂಜನ ಎದ್ದು ನಿಂತ. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು ಅವನ ಮುಖದಲ್ಲಿ. “ಮೂರು ವರ್ಷದ ಹಿಂದೆ ಎಲ್ಲಿಗೆ ಹೋಗಿದ್ದ ಈ ತಮ್ಮಲೆ?”

 ಮೋಹನದಾಸರು ಪ್ರಿಂಟನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

ಮರುದಿನ ಅಕ್ಷಿತಾ ಕಾಲೇಜಿಗೆ ಸೇರಿದಳು, ಕಾಮರ್ಸು. ಅರ್ಜಿಯಲ್ಲಿ ಹುಟ್ಟಿದ ದಿನವನ್ನು ಮೋಹನದಾಸರೇ ತುಂಬಿದರು, ಸರಿಯಾದದ್ದನ್ನು. ಕುಶಲಾ ಫೋನ್ ಮಾಡಿದಳು. ಅರ್ಧ ನಿಮಿಷ ಅತ್ತು ಫೋನ್ ಇಟ್ಟಳು. ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಮೋಹನದಾಸರು ಕುದ್ರೋಳಿಯ ತಮ್ಮ ಮನೆಯಲ್ಲಿ ಕಾಲು ಚಾಚಿ ಮಲಗಬಹುದಿತ್ತು. ಆದರೆ ಮೆಲಿಸಾಳ ಕರಪತ್ರದ ಹಾಳಾದ ಆ ಕೊನೇ ಹಾಳೆ ತಲೆಯಿಂದ ಹೋಗಲಿಲ್ಲ.

ಶನಿವಾರ ಸಂಜೆ ಜೆಪ್ಪುವಿನ ಹತ್ತಿರದ ಮೋರ್ಗನ್ಸ್ ಗೇಟಿನ ಬಸ್‌ಸ್ಟಾಪಿನಲ್ಲಿ ನಿಂತರು. ಆರೂವರೆಗೆ ಕಂಪನಿಯ ವ್ಯಾನು ಬಂತು. ಇಳಿದವರಲ್ಲಿ ಅನುಷ್ಕಾ ಕೊನೆಯವಳು. ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು, ಎರಡಕ್ಕೆ ಪಟ್ಟಿ. ಮಾವನನ್ನು ಕಂಡು ಕೈಗಳನ್ನು ದುಪಟ್ಟಾದೊಳಗೆ ಸೇರಿಸಿದಳು.

“ಎಂತ ಮಾವ, ಇಲ್ಲಿ?”

ಮೋಹನದಾಸರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಎಲ್ಲ ಮರೆತುಹೋಗಿ ಉಳಿದದ್ದು ಇಷ್ಟೇ. “ನಿನ್ನ ವಯಸ್ಸಿನ ಕಾಗದ ಉಂಟಲ್ಲ ಮಗಾ, ಅದನ್ನು ಸುಳ್ಳು ಬರೆದದ್ದು ನಾನು. ಗೊತ್ತಿದ್ದೇ ಬರೆದದ್ದು.”

ಅನುಷ್ಕಾ ಅವರನ್ನು ನೋಡಿದಳು. ಸಿಟ್ಟೂ ಮಾಡಲಿಲ್ಲ, ಅಳಲೂ ಇಲ್ಲ.

“ಗೊತ್ತುಂಟು ಮಾವ,” ಎಂದಳು. “ನೀವು ಓದಿ ಹೇಳಿದ್ರಲ್ಲ.”