ಶೇಂಗಾ ಒಡೆದು ಕಲಿಸಿದ ತಪ್ಪು ಪಾಠ

ಧರ್ಮಪುರದ ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಪ್ರತಿವರ್ಷ ತರಗತಿಯಲ್ಲಿ ಒಂದು ಶೇಂಗಾಕಾಯಿ ಒಡೆಯುತ್ತಿದ್ದೆ. ಯುರೇನಿಯಂ ನ್ಯೂಕ್ಲಿಯಸ್ಸೂ ಹೀಗೆಯೇ ಒಡೆಯುತ್ತದೆ, ಶಕ್ತಿ ಹೊರಬರುತ್ತದೆ ಎನ್ನುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು.

ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತಳು. ಬೇಸಿಗೆ ಬಿತ್ತನೆಗೆಂದು ಮನೆಯಲ್ಲಿ ವಾರದಿಂದ ಶೇಂಗಾ ಸುಲಿದು ಅವಳ ಬೆರಳ ತುದಿ ಕೆಂಪಾಗಿತ್ತು.

“ಸಿಪ್ಪೆ, ಬೀಜ ಕೂಡಿಸಿ ತೂಗಿದ್ರೆ ಕಾಯಿ ತೂಕನೇ ಬರ್ತೈತೆ ಸರ್. ಮತ್ತೆ ಶಕ್ತಿ ಎಲ್ಲಿಂದ ಬಂತು?”

ಸಿಟ್ಟಿನಿಂದ “ಕುಂತ್ಕೊ” ಎಂದೆ. ಸಂಜೆ ಮನೆಗೆ ಹೊರಟ ಬಸ್ಸು ಹಿರಿಯೂರು ಮುಟ್ಟುವಷ್ಟರಲ್ಲಿ ಆ ಸಿಟ್ಟು ನನ್ನ ಮೇಲೆಯೇ ತಿರುಗಿತ್ತು. ಅವಳಿಗೆ ಉತ್ತರ ಹೇಳದೆ ಮುಂದಿನ ಪಾಠ ಎತ್ತಿಕೊಳ್ಳಬಾರದೆಂದು ನಿರ್ಧರಿಸಿದೆ.

ಮರುದಿನ ಹೇಳಿದೆ: “ಶೇಂಗಾ ಉದಾಹರಣೆ ತಪ್ಪು. ಯುರೇನಿಯಂ ಒಡೆದ ಚೂರುಗಳನ್ನೆಲ್ಲ ಕೂಡಿಸಿದ್ರೆ ತೂಕ ಮೊದ್ಲಿಗಿಂತ ಒಂಚೂರು ಕಮ್ಮಿ ಬರ್ತೈತೆ. ಆ ಕಮ್ಮಿಯಾಗಿದ್ದೇ ಶಕ್ತಿ. ಸೂರ್ಯನಲ್ಲಿ ಹೈಡ್ರೋಜನ್ ಕೂಡಿ ಹೀಲಿಯಂ ಆದಾಗ್ಲೂ ಹಿಂಗೇ ಕಮ್ಮಿಯಾಗ್ತೈತೆ.”

ಅವಳು ಸ್ವಲ್ಪ ಯೋಚಿಸಿದಳು. “ಹಂಗಾದ್ರೆ ಒಡೆಯೋದು, ಕೂಡೋದು ದೊಡ್ಡದಲ್ಲ ಸರ್. ತೂಕ ಕಮ್ಮಿಯಾಗೋದೇ ದೊಡ್ಡದು. ಇದನ್ನ ಮೊದ್ಲೇ ಹೇಳ್ಬೇಕಿತ್ತು.”

ಈ ವರ್ಷ ಪಾಠವನ್ನು ಅವಳ ಮಾತಿನಿಂದಲೇ ಶುರು ಮಾಡಿದೆ. ಶೇಂಗಾವನ್ನು ಸ್ಟಾಫ್ ರೂಮಿನಲ್ಲೇ ತಿಂದು ಮುಗಿಸಿ ತರಗತಿಗೆ ಹೋಗಿದ್ದೆ.