ತೊಂಬತ್ತೈದು ತೋರಿಸಿದ ಬೆರಳು

ಕಳೆದ ವಾರ ಅಡುಗೆಮನೆಯ ಡ್ರಾಯರ್‌ನಲ್ಲಿ ಬ್ಯಾಟರಿ ಹುಡುಕುವಾಗ ಆ ಆಕ್ಸಿಮೀಟರ್ ಕೈಗೆ ಸಿಕ್ಕಿತು. ಬೆರಳಿಗೆ ಕ್ಲಿಪ್ಪಿನಂತೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುವ ಪುಟ್ಟ ಯಂತ್ರ. ಸ್ಯಾನಿಟೈಸರ್ ವಾಸನೆ ಇನ್ನೂ ಹೋಗಿರಲಿಲ್ಲ, ಅಥವಾ ನನಗೇ ಹಾಗನ್ನಿಸಿತೋ...

ಅದು ಕೆಳಗಿನ ಮನೆಯ ಅಕ್ಕನದು. ಸ್ಯಾಂಟ್ರಿ ಎಂಬ ಈ ಪರದೇಶದ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ನಾನು ಮೈಸೂರಿನಲ್ಲಿ ಓದಿ ಇಲ್ಲಿನ ಆಸ್ಪತ್ರೆಗೆ ಬಂದ ಡಾಕ್ಟರು; ಅವರು ವೃದ್ಧಾಶ್ರಮದಲ್ಲಿ ನರ್ಸು. "ಇಬ್ರೂ ಒಂದೇ ಬಾಣಲೆ ತಳದ ಬಣ್ಣ ಕಣೋ" ಎಂದು ನಗುತ್ತಿದ್ದರು. ಕೊರೋನಾ ದಿನಗಳಲ್ಲಿ ನಾನು ಡ್ಯೂಟಿ ಮುಗಿಸಿ ಬಂದರೆ ಬಾಗಿಲಲ್ಲಿ ಸಾರಿನ ಡಬ್ಬಿ ಇರುತ್ತಿತ್ತು.

ವೃದ್ಧಾಶ್ರಮದಲ್ಲಿ ಸೋಂಕು ಹಬ್ಬಿ ಅವರಿಗೂ ಜ್ವರ ಬಂತು. ಆಕ್ಸಿಮೀಟರ್ ಸಿಕ್ಕಿಸಿದ ಕೈಯ ಫೋಟೋವನ್ನು ದಿನಕ್ಕೆ ಮೂರು ಸಲ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಫೋನ್ ಮಾಡಿದರೆ ನನಗೆ ತೊಂದರೆಯಾದೀತೆಂಬ ಸಂಕೋಚ. ತೊಂಬತ್ತೈದು, ತೊಂಬತ್ತಾರು, ಮತ್ತೆ ತೊಂಬತ್ತೈದು. ನಾನು ವಾರ್ಡಿನಿಂದಲೇ ಉತ್ತರವಾಗಿ ಹೆಬ್ಬೆರಳಿನ ಚಿತ್ರ ಒತ್ತಿ ಮುಂದಿನ ರೋಗಿಯ ಕಡೆ ನಡೆಯುತ್ತಿದ್ದೆ.

ಐದನೆಯ ದಿನ ಫೋನೇ ಬಂತು.

"ಕೂತಲ್ಲೇ ಏದುಸಿರು ಬರ್ತೈತೆ ಕಣೋ. ಆಸ್ಪತ್ರೆಗೆ ಬರ್ಲಾ?"

"ತೊಂಬತ್ತೈದು ಇದ್ಯಲ್ಲಕ್ಕ, ಗ್ರ್ಯಾಂಡ್, ಏನೂ ಭಯ ಇಲ್ಲ. ಇಲ್ಲಿ ಬೆಡ್ಡೂ ಇಲ್ಲ. ಮನೇಲೇ ಇರಿ."

"ಸರಿ ಬಿಡಪ್ಪ, ನಿಂಗೆ ಗೊತ್ತಿರತ್ತೆ" ಎಂದರು. ಏನು ಗೊತ್ತಿತ್ತು ನನಗೆ, ಮಣ್ಣು.

ಮರುದಿನ ಆಂಬುಲೆನ್ಸ್ ಕರೆಸಬೇಕಾಯಿತು. ರಕ್ತ ತೆಗೆದು ನೋಡಿದರೆ ಆಮ್ಲಜನಕ ಎಂಬತ್ತರ ಆಸುಪಾಸು. ಬೆರಳಿನ ಯಂತ್ರ ಆಗಲೂ ತೊಂಬತ್ತಮೂರು ಅನ್ನುತ್ತಿತ್ತು. ಕಪ್ಪು ಚರ್ಮದ ಮೇಲೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು ನಾನು ಓದಿದ್ದೆ. ಓದಿ ಮರೆತಿದ್ದೆ, ಅದೇ ಬಣ್ಣದ ಕೈ ಇಟ್ಟುಕೊಂಡು. ಹನ್ನೊಂದನೆಯ ದಿನ ಅಕ್ಕ ಹೋದರು... ಈ ಯಂತ್ರವಿದ್ದ ಅವರ ಬ್ಯಾಗನ್ನು ವಾರ್ಡಿನವರು ನನ್ನ ಕೈಗೇ ಕೊಟ್ಟರು.

ಬೆಳ್ಳಗಿನ ಬೆರಳಾಗಿದ್ದರೆ ಯಂತ್ರ ಬಹುಶಃ ನಿಜ ಹೇಳುತ್ತಿತ್ತು, ಒಂದು ದಿನ ಮೊದಲೇ ಬರುತ್ತಿದ್ದರು, ಉಳಿಯುತ್ತಿದ್ದರೋ ಏನೋ. ಈ ಯೋಚನೆ ನನ್ನನ್ನು ತಿನ್ನುವುದು ನಿಂತಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲಾರೆ.

ಬ್ಯಾಟರಿ ಹಾಕಿ ನನ್ನ ಬೆರಳಿಗೆ ಸಿಕ್ಕಿಸಿದೆ. ತೊಂಬತ್ತೆಂಟು. ನಂಬಿಕೆ ಬರಲಿಲ್ಲ. ಅವರ ಹಳೆಯ ಫೋಟೋಗಳನ್ನು ತೆಗೆದೆ. ಅಂದು ಸಂಖ್ಯೆಯನ್ನಷ್ಟೇ ನೋಡಿದ್ದೆ; ಈಗ ಕೈ ಕಂಡಿತು. ಉಸಿರಿಗಾಗಿ ಮುಂದಕ್ಕೆ ಬಾಗಿದವರು ಹಿಡಿಯುವಂತೆ ಆ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ಒಂದರಲ್ಲಲ್ಲ, ಎಲ್ಲದರಲ್ಲೂ. ಪ್ರತಿಯೊಂದರ ಕೆಳಗೂ ನನ್ನ ಹೆಬ್ಬೆರಳಿತ್ತು.