ಮರೆತ ಹಾಡು ಹುಡುಕಿಕೊಡುವ ಅಜ್ಜಿ

ಹಿಟ್ಟಿನ ಗಿರಣಿ ಬರುವ ಮುಂಚಿನ ಮಾತು. ಬರಗೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಬೀಸುವ ಹಾಡು ಎಷ್ಟು ಬರುತ್ತಿದ್ದವೋ ಅವರಿಗೇ ಗೊತ್ತಿರಲಿಲ್ಲ. ಮರೆತ ಹಾಡನ್ನು ಹುಡುಕಿಕೊಂಡು ಮಧುಗಿರಿ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ನಮ್ಮ ಬೀದಿಗೇ ಅದೊಂದು ಹೆಮ್ಮೆ. ಬಂದವರಿಗೆ ಅಜ್ಜಿ ಹೇಳುತ್ತಿದ್ದದ್ದು ಒಂದೇ: "ಹಾಡ್ನಾಗೆ ಇರ್ಲೇಬೇಕಾದ್ದು ಹೇಳು, ಇರ್ಬಾರ್ದಾದ್ದೂ ಹೇಳು."

ಒಮ್ಮೆ ಮದುವೆ ಗೊತ್ತಾಗಿದ್ದ, ತಾಯಿಯಿಲ್ಲದ ಹುಡುಗಿ ಬಂದಳು. ಅವ್ವ ಹಾಡುತ್ತಿದ್ದ ಹಾಡನ್ನೇ ಅರಿಶಿನ ಹಚ್ಚುವಾಗ ಹಾಡಿಸಬೇಕೆಂದು ಅವಳ ಆಸೆ. ನೆನಪಿದ್ದದ್ದು 'ಬೇವು' ಅನ್ನುವುದೊಂದೇ.

"ಬರೀ ಬೇವು ಅಂದ್ರೆ ಬೆಳಗಾಗೋ ಗಂಟ ಹಾಡ್ತೀನಿ ಕಣಮ್ಮ. ಜೊತೆಗೇನಿತ್ತು?"

"ಗಿಳಿ ಇತ್ತಜ್ಜಿ."

"ಒಂದೇ ಸಾಲ್ನಾಗೋ, ಬ್ಯಾರೆ ಬ್ಯಾರೇನೋ?"

"ಒಂದೇ ಸಾಲ್ನಾಗೆ."

"ಇರ್ಬಾರ್ದಾದ್ದು?"

ಹುಡುಗಿ ಯೋಚಿಸಿದಳು. "ಅಳು. ಅವ್ವ ಅದನ್ನ ನಗ್ತಾ ಹಾಡೋಳು."

ಅಜ್ಜಿ ಕಾಳು ಹಾಕದೆಯೇ ಬೀಸುವ ಕಲ್ಲನ್ನು ತಿರುಗಿಸತೊಡಗಿದರು. ಕಲ್ಲು ತಿರುಗದೆ ಅವರಿಗೆ ಹಾಡು ಬರುತ್ತಿರಲಿಲ್ಲ. ಮೊದಲ ಸಾಲು ಮುಗಿಯುವಷ್ಟರಲ್ಲಿ ಹುಡುಗಿ ಎದುರು ಕೂತು ಗೂಟಕ್ಕೆ ತಾನೂ ಕೈ ಹಾಕಿದಳು. ಎರಡನೆಯ ಸಾಲನ್ನು ಅವಳೇ ಹಾಡಿದಳು, ಮೂರನೆಯದನ್ನೂ.

ಅಜ್ಜಿ ಹಾಡು ನಿಲ್ಲಿಸಿ ನಕ್ಕರು. "ಅಂಗಾರೆ ನಿನ್ ಮದ್ವೆಗೆ ನಾನು ಹಾಡಾಕೆ ಬರಲ್ಲ, ಉಣ್ಣಾಕೆ ಬತ್ತೀನಿ ಬುಡು!"